ಪ್ರತಿಕ್ರಿಯೆ: ‘ಪತ್ರ ನೀನೇ ಬರೆದು ತಾ’ ಎನ್ನುವ ಮಾರ್ಗದರ್ಶಕರ ವಿಷಯ

ಅಮೆರಿಕದ ಎಂ.ಎಸ್. ಪ್ರವೇಶಕ್ಕೆ ಶಿಫಾರಸು ಪತ್ರ ಕೇಳಿದಾಗ ನಿಮ್ಮ ಪ್ರಾಜೆಕ್ಟ್ ಮಾರ್ಗದರ್ಶಕರು ‘ನೀನೇ ಬರೆದು ತಾ, ಸಹಿ ಹಾಕುತ್ತೇನೆ’ ಎಂದಿದ್ದಾರೆ, ಒಪ್ಪಬಹುದೇ ಎಂದು ಕೇಳಿದ್ದೀರಿ. ನಮ್ಮ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಈ ರೂಢಿ ಎಷ್ಟೇ ಸಾಮಾನ್ಯವಾಗಿದ್ದರೂ ಒಪ್ಪಬೇಡಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಪತ್ರವನ್ನು ಶಿಫಾರಸು ಮಾಡುವವರೇ ಬರೆದಿರಬೇಕು ಎಂಬುದು ಅಲ್ಲಿನ ವಿಶ್ವವಿದ್ಯಾಲಯಗಳ ನಿರೀಕ್ಷೆ. ಪತ್ರಗಳೆಲ್ಲವೂ, ಏಕೆ ಓದಬಯಸುತ್ತೀರಿ ಎಂದು ನೀವೇ ಬರೆಯುವ ಉದ್ದೇಶ ಪತ್ರದ ಶೈಲಿಯಲ್ಲೇ ಇದ್ದರೆ ಓದುವವರಿಗೆ ಅನುಮಾನ ಬರುವುದು ಸಹಜ.

ಬಹುಪಾಲು ಅಧ್ಯಾಪಕರು ಹೀಗೆ ಹೇಳುವುದು ಉದಾಸೀನದಿಂದಲ್ಲ, ನೂರಾರು ವಿದ್ಯಾರ್ಥಿಗಳ ನಡುವೆ ನಿಮ್ಮ ವಿವರಗಳು ನೆನಪಿಲ್ಲದ ಕಾರಣಕ್ಕೆ. ಆದ್ದರಿಂದ ಅಂಕಪಟ್ಟಿ, ರೆಸ್ಯೂಮೆಗಳ ಜೊತೆಗೆ, ಪ್ರಾಜೆಕ್ಟ್‌ನಲ್ಲಿ ನೀವೊಬ್ಬರೇ ಮಾಡಿದ ಭಾಗ ಯಾವುದು, ಎಲ್ಲಿ ತೊಡಕಾಯಿತು, ಅವರ ಯಾವ ಸಲಹೆಯಿಂದ ಅದು ಬಗೆಹರಿಯಿತು ಎಂಬುದನ್ನು ಒಂದು ಪುಟದಲ್ಲಿ ಟಿಪ್ಪಣಿಯಾಗಿ ಕೊಡಿ. ಅದನ್ನು ಓದಿದ ಮೇಲೆ ಅವರದೇ ಮಾತುಗಳು ತಾವಾಗಿ ಬರುತ್ತವೆ. ಹೊಗಳಿಕೆಯ ವಿಶೇಷಣಗಳಿಗಿಂತ ಇಂಥ ಒಂದು ಪ್ರಸಂಗಕ್ಕೆ ಹೆಚ್ಚು ತೂಕವಿದೆ.

ಪತ್ರ ಸಲ್ಲಿಸುವ ಕೊಂಡಿ ನೇರವಾಗಿ ಅವರ ಇಮೇಲ್‌ಗೆ ಹೋಗುವುದರಿಂದ ಜಿಮೇಲ್ ಬದಲು ಕಾಲೇಜಿನ ಅಧಿಕೃತ ವಿಳಾಸವನ್ನೇ ಕೊಡಿ. ಅರ್ಜಿಯಲ್ಲಿ, ವಿದ್ಯಾರ್ಥಿಗಳ ಶೈಕ್ಷಣಿಕ ದಾಖಲೆಗಳ ಕುರಿತ ಅಮೆರಿಕದ 1974ರ ಫೆರ್ಪಾ ಕಾಯ್ದೆಯಂತೆ ಪತ್ರವನ್ನು ನೋಡುವ ಹಕ್ಕನ್ನು ಬಿಟ್ಟುಕೊಡುವಿರಾ ಎಂಬ ಪ್ರಶ್ನೆ ಬರುತ್ತದೆ. ಕಡ್ಡಾಯವಲ್ಲದಿದ್ದರೂ ಬಿಟ್ಟುಕೊಡುವುದೇ ಒಳ್ಳೆಯದು, ಏಕೆಂದರೆ ಗೋಪ್ಯ ಪತ್ರವನ್ನೇ ಹೆಚ್ಚು ನಂಬುತ್ತಾರೆ.

ಅನೇಕ ಕಡೆ ಕೊನೆಯ ದಿನಾಂಕ ಡಿಸೆಂಬರ್‌ನಲ್ಲಿರುವುದರಿಂದ ಅಕ್ಟೋಬರ್‌ನಲ್ಲೇ ಭೇಟಿಯಾಗಿ. ಇಷ್ಟಾದರೂ ಅವರು ಹಿಂಜರಿದರೆ, ನಿಮ್ಮನ್ನು ಅರಿಯದ ಪ್ರಾಂಶುಪಾಲರ ಬಳಿ ಹೋಗದೆ, ನಿಮಗೆ ಹತ್ತಿರದಿಂದ ಪಾಠ ಮಾಡಿದ ಕಿರಿಯ ಅಧ್ಯಾಪಕರನ್ನು ಕೇಳಿ.