ಯಾದೃಚ್ಛಿಕ ಘಟನೆಗಳಲ್ಲಿ ಇಲ್ಲದ ಉದ್ದೇಶ ನಮಗೆ ಕಾಣಿಸುವುದೇಕೆ?

ಯಾದೃಚ್ಛಿಕವಾದದ್ದು ಎಲ್ಲೆಡೆ ಸಮನಾಗಿ ಹರಡಿರಬೇಕೆಂದು ನಾವು ಅರಿವಿಲ್ಲದೆಯೇ ಭಾವಿಸಿರುತ್ತೇವೆ. ಗೊಂದಲ ಹುಟ್ಟುವುದು ಅಲ್ಲಿಯೇ. 1944ರಲ್ಲಿ ಜರ್ಮನಿಯ ವಿ-1 ಹಾರುಬಾಂಬುಗಳು ಲಂಡನ್ನಿನ ಮೇಲೆ ಬೀಳತೊಡಗಿದಾಗ, ಕೆಲವು ಬಡಾವಣೆಗಳಿಗೆ ಮತ್ತೆ ಮತ್ತೆ ಪೆಟ್ಟು ಬಿದ್ದು ಪಕ್ಕದವು ಉಳಿದುಕೊಂಡದ್ದನ್ನು ಕಂಡ ಅನೇಕರು, ಶತ್ರು ಆ ಬಡಾವಣೆಗಳನ್ನೇ ಆರಿಸಿ ಹೊಡೆಯುತ್ತಿದ್ದಾನೆಂದು ನಂಬಿದರು.

ವಿಮಾಗಣಿತಜ್ಞ ಆರ್. ಡಿ. ಕ್ಲಾರ್ಕ್ 1946ರಲ್ಲಿ ಪ್ರಕಟಿಸಿದ ಚಿಕ್ಕ ಟಿಪ್ಪಣಿಯೊಂದರಲ್ಲಿ, ದಕ್ಷಿಣ ಲಂಡನ್ನಿನ 144 ಚದರ ಕಿಲೋಮೀಟರ್ ಪ್ರದೇಶವನ್ನು 576 ಸಮಾನ ಚೌಕಗಳಾಗಿ ವಿಂಗಡಿಸಿ, ಅಲ್ಲಿ ಬಿದ್ದ 537 ಬಾಂಬುಗಳನ್ನು ಚೌಕವಾರು ಎಣಿಸಿದರು. ಪ್ರತಿಯೊಂದು ಬಾಂಬೂ ಯಾವುದೇ ಚೌಕದಲ್ಲಿ ಬೀಳುವ ಸಂಭವ ಒಂದೇ ಆಗಿದ್ದರೆ, ಆಕಸ್ಮಿಕ ಘಟನೆಗಳು ಎಷ್ಟೆಷ್ಟು ಬಾರಿ ಸಂಭವಿಸಬಹುದೆಂದು ಲೆಕ್ಕಹಾಕುವ ಪ್ವಾಸೋನ್ ಸೂತ್ರದ ಪ್ರಕಾರ ಸುಮಾರು 227 ಚೌಕಗಳು ಖಾಲಿ ಉಳಿಯಬೇಕಿತ್ತು, ನಿಜಕ್ಕೂ ಖಾಲಿ ಉಳಿದದ್ದು 229. ನಾಲ್ಕು ಬಾಂಬು ಬಿದ್ದ ಚೌಕಗಳು 7 ಇದ್ದವು, ಸೂತ್ರ ಹೇಳಿದ್ದೂ ಸುಮಾರು 7. (ಜರ್ಮನರು ಲಂಡನ್ನಿಗೆ ಗುರಿಯಿಟ್ಟಿದ್ದು ನಿಜ; ಅದಕ್ಕಿಂತ ಸೂಕ್ಷ್ಮವಾದ ಗುರಿ ಈ ಲೆಕ್ಕದಲ್ಲಿ ಕಾಣಲಿಲ್ಲ ಎಂಬುದಷ್ಟೇ ಇಲ್ಲಿನ ತೀರ್ಮಾನ.)

ಹಾಗೆಂದು ಗುಂಪುಗೂಡುವಿಕೆ ಕಂಡಲ್ಲೆಲ್ಲ ಆಕಸ್ಮಿಕವೆಂದು ತಳ್ಳಿಹಾಕುವುದೂ ಸರಿಯಲ್ಲ. ಅದೇ ಲಂಡನ್ನಿನಲ್ಲಿ 1854ರಲ್ಲಿ ವೈದ್ಯ ಜಾನ್ ಸ್ನೋ ಗಮನಿಸಿದ ಕಾಲರಾ ಸಾವುಗಳು ಬ್ರಾಡ್ ಸ್ಟ್ರೀಟಿನ ಒಂದು ನೀರಿನ ಪಂಪಿನ ಸುತ್ತ ಗುಂಪಾಗಿದ್ದವು, ಮತ್ತು ಅಲ್ಲಿ ಕಾರಣವೂ ಇತ್ತು: ಆ ಪಂಪಿನ ನೀರು ಕಲುಷಿತವಾಗಿತ್ತು.