ಎತ್ತಬೇಡಿ, ಏಳಲು ಬಿಡಿ

ಓದುಗರ ಪ್ರಶ್ನೆಗಳಿಗೆ ಹಾಸನದ ಫಿಸಿಯೋಥೆರಪಿಸ್ಟ್ ಉತ್ತರ

ಪ್ರಶ್ನೆ: ನಮ್ಮದು ಸಕಲೇಶಪುರ ತಾಲ್ಲೂಕಿನ ಹಳ್ಳಿ. ಅತ್ತೆಗೆ 72 ವರ್ಷ. ಆಷಾಢದ ಮಳೆಯಲ್ಲಿ ಹಿತ್ತಿಲ ಬಚ್ಚಲಿಗೆ ಹೋಗುವಾಗ ಪಾಚಿಯ ಮೇಲೆ ಜಾರಿ ಬಿದ್ದು, ಎಡಗಡೆ ಚಪ್ಪೆಯ ಹತ್ತಿರ ತೊಡೆಮೂಳೆ ಮುರಿಯಿತು. ಆಪರೇಷನ್ ಮಾಡಿ ರಾಡು ಹಾಕಿದ್ದಾರೆ. ಎರಡು ತಿಂಗಳಾಯಿತು. ಹೋದ ವಾರ ಎಕ್ಸ್‌ರೇ ನೋಡಿದ ವೈದ್ಯರು ‘ಮೂಳೆ ಕೂಡಿಕೊಳ್ಳುತ್ತಿದೆ, ಪೂರ್ತಿ ಭಾರ ಹಾಕಿ ನಡೆಯಬಹುದು’ ಎಂದರು. ಆದರೆ ಅವರು ಹಾಸಿಗೆ ಬಿಟ್ಟು ಏಳುವುದಿಲ್ಲ. ನಾನೂ ನಮ್ಮ ಯಜಮಾನರೂ ಎರಡು ಕಡೆಯಿಂದ ಕಂಕುಳಿಗೆ ಕೈ ಕೊಟ್ಟು ಎತ್ತಿದರೆ ನಾಲ್ಕು ಹೆಜ್ಜೆ ಇಟ್ಟು ‘ಬಿದ್ದೆ, ಬಿದ್ದೆ’ ಎಂದು ಕೂಗಿಕೊಳ್ಳುತ್ತಾರೆ. ‘ವಯಸ್ಸಾಯಿತು, ಮಲಗಿರಲಿ ಬಿಡು’ ಎನ್ನುತ್ತಾರೆ ನೆಂಟರು. ಎಣ್ಣೆ ತಿಕ್ಕಿಸಿ ಎನ್ನುವವರೂ ಇದ್ದಾರೆ. ದಿನಾ ಪೇಟೆಗೆ ಕರೆದುಕೊಂಡು ಹೋಗಿ ಫಿಸಿಯೋಥೆರಪಿ ಮಾಡಿಸುವ ಅನುಕೂಲ ನಮಗಿಲ್ಲ. ಮನೆಯಲ್ಲೇ ಏನು ಮಾಡಬಹುದು? ಅತ್ತೆ ಹಾಸನಾಂಬೆಯ ದರ್ಶನ ತಪ್ಪಿಸಿದವರಲ್ಲ. ಈ ವರ್ಷ ಹೋಗಲು ಆಗುತ್ತದೆಯೇ?

ಉತ್ತರ: ಮೊದಲು ಕಂಕುಳಿಗೆ ಕೈ ಕೊಟ್ಟು ಎತ್ತುವುದನ್ನು ಇಂದೇ ನಿಲ್ಲಿಸಿ, ತಾಯಿ. ನೀವು ಪ್ರೀತಿಯಿಂದಲೇ ಮಾಡುತ್ತಿದ್ದೀರಿ, ನನಗೆ ಗೊತ್ತು. ಆದರೆ ಇಬ್ಬರು ಎರಡು ಕಡೆಯಿಂದ ಮೇಲಕ್ಕೆ ಎಳೆದಾಗ ಅವರ ಮೈಭಾರ ಪಾದದ ಮೇಲೆ ಬೀಳುವುದೇ ಇಲ್ಲ. ಎಳೆತಕ್ಕೆ ದೇಹ ಹಿಂದಕ್ಕೆ ವಾಲುತ್ತದೆ, ಹಿಮ್ಮಡಿ ನೆಲಕ್ಕೆ ಒತ್ತಿ ಕಾಲ್ಬೆರಳು ಮೇಲೇಳುತ್ತವೆ. ಆ ಸ್ಥಿತಿಯಲ್ಲಿ ನಿಂತ ಯಾರಿಗಾದರೂ ಹಿಂದಕ್ಕೆ ಬೀಳುತ್ತೇನೆ ಅನ್ನಿಸಿಯೇ ಅನ್ನಿಸುತ್ತದೆ. ‘ಬಿದ್ದೆ’ ಎಂದು ಅವರು ಕೂಗುವುದು ಹಟಕ್ಕಲ್ಲ. ಅವರ ಮೈಗೆ ನಿಜವಾಗಿಯೂ ಹಾಗೆ ಆಗುತ್ತಿದೆ.

ಹೊಳೆನರಸೀಪುರದ ನಮ್ಮ ಮನೆಯಲ್ಲಿ ನನ್ನ ಅಜ್ಜಿ ಬಚ್ಚಲಲ್ಲಿ ಬಿದ್ದಾಗ ನಾನು ಎಂಟನೇ ತರಗತಿಯಲ್ಲಿದ್ದೆ. ಚಿಕಿತ್ಸೆ ಆಯಿತು, ಮೂಳೆಯೂ ಕೂಡಿತು. ಆದರೆ ಮನೆಯವರೆಲ್ಲ ಅವರನ್ನು ಹೂವಿನಂತೆ ನೋಡಿಕೊಂಡೆವು: ನೀರು ಹಾಸಿಗೆಗೆ, ಊಟ ಹಾಸಿಗೆಗೆ, ಮಗ್ಗುಲು ಬದಲಿಸಲು ಎರಡು ಆಳು. ನಾಲ್ಕು ತಿಂಗಳಲ್ಲಿ ಅವರ ತೊಡೆ ನನ್ನ ಮುಂಗೈಯಷ್ಟಾಯಿತು. ಅಜ್ಜಿ ಮತ್ತೆ ಏಳಲಿಲ್ಲ. ನಾನು ಈ ಕೆಲಸಕ್ಕೆ ಬಂದದ್ದೇ ಆ ಹಾಸಿಗೆಯಿಂದ. ಆರೋಗ್ಯವಾಗಿದ್ದ ವೃದ್ಧರನ್ನು ಹತ್ತು ದಿನ ಹಾಸಿಗೆಯಲ್ಲೇ ಇರಿಸಿ ನಡೆಸಿದ ಒಂದು ಅಧ್ಯಯನದಲ್ಲಿ ಅವರ ಕಾಲುಗಳ ಮಾಂಸಖಂಡ ಸುಮಾರು ಒಂದು ಕಿಲೋದಷ್ಟು ಕರಗಿತ್ತು ಎಂದು ಕಾಲೇಜಿನ ಕಾಲ ಮುಗಿದ ಎಷ್ಟೋ ವರ್ಷಗಳ ಮೇಲೆ ಓದಿದಾಗ ನನಗೆ ಅಜ್ಜಿಯ ಕಾಲೇ ಕಣ್ಣ ಮುಂದೆ ಬಂತು. ಈಗ ಚಪ್ಪೆ ಮುರಿದವರನ್ನು ಸಾಮಾನ್ಯವಾಗಿ ಆಪರೇಷನ್ನಿನ ಮರುದಿನವೇ ಎಬ್ಬಿಸಿ ನಿಲ್ಲಿಸುತ್ತಾರೆ. ಆದ್ದರಿಂದ ‘ಮಲಗಿರಲಿ’ ಎನ್ನುವ ನೆಂಟರ ಮಾತಿಗೆ ದಯವಿಟ್ಟು ಕಿವಿಗೊಡಬೇಡಿ.

ನಿಮಗೆ ಬೇಕಾದ ದೊಡ್ಡ ಸಲಕರಣೆ ಒಂದು ಕುರ್ಚಿ. ಕೈ ಇರುವ, ಅಲುಗಾಡದ ಮರದ ಕುರ್ಚಿ ಇದ್ದರೆ ಅದನ್ನು ಗೋಡೆಗೆ ಒರಗಿಸಿ ಇಡಿ. ಪ್ಲಾಸ್ಟಿಕ್ ಕುರ್ಚಿ ಬೇಡ, ಅದು ಹಿಂದಕ್ಕೆ ಸರಿಯುತ್ತದೆ. ಕುರ್ಚಿಯ ಮೇಲೆ ಎರಡು ಜಮಖಾನ ಮಡಿಸಿ ಹಾಕಿ ಎತ್ತರ ಮಾಡಿ. ಎದುರಿಗೆ ವಾಕರ್ ಇರಲಿ. ಅವರು ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ವಾಕರಿನ ಹಿಡಿ ಮಣಿಕಟ್ಟಿನ ಮಟ್ಟಕ್ಕೆ ಬರಬೇಕು. ಅದಕ್ಕಿಂತ ಎತ್ತರ ಇದ್ದರೆ ಹೆಗಲು ಕಿವಿಗೆ ತಾಗುತ್ತದೆ, ತಗ್ಗಿದ್ದರೆ ಬೆನ್ನು ಬಾಗುತ್ತದೆ.

ಈಗ ಅವರಿಗೆ ಹೇಳಿ: ಮುಂದಕ್ಕೆ ಜರುಗಿ ಕುರ್ಚಿಯ ಅಂಚಿನಲ್ಲಿ ಕುಳಿತುಕೊಳ್ಳಿ. ಎರಡೂ ಪಾದ ಮಂಡಿಗಿಂತ ಸ್ವಲ್ಪ ಹಿಂದೆ ಬರಲಿ. ಕೈ ಎರಡೂ ಕುರ್ಚಿಯ ಕೈಗಳ ಮೇಲೆ. ಇನ್ನು ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಮುಂದಕ್ಕೆ ಬಾಗಿ ಏಳಿ. ಈ ಬಾಗುವ ಘಳಿಗೆಯಲ್ಲೇ ಎಲ್ಲರೂ ಹೆದರುವುದು. ಅವರ ತುಟಿ ಬಿಗಿಯುತ್ತದೆ, ಕೈಬೆರಳ ಗೆಣ್ಣು ಬೆಳ್ಳಗಾಗುತ್ತದೆ, ಪೃಷ್ಠ ಕುರ್ಚಿಯಿಂದ ನಾಲ್ಕು ಬೆರಳು ಎದ್ದು ಮತ್ತೆ ಕೂರುತ್ತದೆ. ಆಗ ನಿಮ್ಮ ಕೈ ತಡೆಯಲಾರದೆ ಅವರ ಕಂಕುಳಿಗೆ ಹೋಗುತ್ತದೆ. ಹೋಗಗೊಡಬೇಡಿ. ನೀವು ಅವರ ಎಡಗಡೆ, ಅರ್ಧ ಹೆಜ್ಜೆ ಹಿಂದೆ ನಿಂತು ಸೊಂಟದ ಹಿಂದೆ ಅಂಗೈಯನ್ನು ತಾಗಿಯೂ ತಾಗದ ಹಾಗೆ ಹಿಡಿಯಿರಿ. ಕೈ ಅಲ್ಲಿದೆ ಎಂಬುದು ಅವರಿಗೆ ತಿಳಿಯಬೇಕು, ಭಾರ ಮಾತ್ರ ಅವರದೇ ಆಗಿರಬೇಕು. ಮೂರನೆಯ ಸಲವೋ ನಾಲ್ಕನೆಯ ಸಲವೋ ಅವರು ಎದ್ದು ನಿಲ್ಲುತ್ತಾರೆ. ನಿಂತ ಮೇಲೆ ವಾಕರ್ ಹಿಡಿಯಲಿ. ವಾಕರನ್ನೇ ಹಿಡಿದು ಜಗ್ಗಿ ಏಳುವುದು ಬೇಡ, ಅದು ಮಗುಚುತ್ತದೆ. ಹಾಗೆಯೇ ಕೂರುವಾಗ ಧೊಪ್ಪನೆ ಬೀಳದೆ ಮೂರು ಎಣಿಸುತ್ತ ಕೂರಲಿ. ನಿಧಾನವಾಗಿ ಕೂರುವುದೂ ಏಳುವಷ್ಟೇ ವ್ಯಾಯಾಮ.

ಮೊದಲ ವಾರ ಒಂದು ಹೊತ್ತಿಗೆ ಮೂರು ಸಲ ಆದರೂ ಸಾಕು, ದಿನಕ್ಕೆ ನಾಲ್ಕು ಹೊತ್ತು. ಹತ್ತು ಸಲ ಸಲೀಸಾದಾಗ ಒಂದು ಜಮಖಾನ ತೆಗೆಯಿರಿ. ಮುಂದೆ ಇನ್ನೊಂದು. ಆಮೇಲೆ ಕೈ ಊರದೆ. 70ರಿಂದ 74 ವಯಸ್ಸಿನ ಹೆಂಗಸರು ಕೈ ಎದೆಗೆ ಕಟ್ಟಿಕೊಂಡು 30 ಸೆಕೆಂಡಿನಲ್ಲಿ 10 ಸಲ ಏಳಲಾರದಿದ್ದರೆ ಬೀಳುವ ಅಪಾಯ ಹೆಚ್ಚು ಎಂಬುದು ನಾವು ಬಳಸುವ ಅಳತೆ. ಅದು ನಾಳೆಗೇ ಬರಬೇಕಿಲ್ಲ, ಗುರಿ ಅಲ್ಲಿರಲಿ.

ನಿಲ್ಲುವುದು ರೂಢಿಯಾದ ಮೇಲೆ ಅಡುಗೆಮನೆಯ ಕಟ್ಟೆ ಹಿಡಿಸಿ. ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು ಮೀನಖಂಡಕ್ಕೆ. ಏಡಿಯ ಹಾಗೆ ಪಕ್ಕಕ್ಕೆ ಹೆಜ್ಜೆ ಇಡುತ್ತ ಕಟ್ಟೆಯ ಈ ತುದಿಯಿಂದ ಆ ತುದಿಗೆ ಹೋಗಿ ಬರುವುದು ಚಪ್ಪೆಯ ಪಕ್ಕದ ಸ್ನಾಯುವಿಗೆ. ಆಪರೇಷನ್ ಆದವರು ಬಾತುಕೋಳಿಯಂತೆ ವಾಲಾಡಿ ನಡೆಯುವುದು ಬಹಳ ಮಟ್ಟಿಗೆ ಆ ಸ್ನಾಯು ಸೋತದ್ದರಿಂದ. ಆಮೇಲೆ ಒಂದು ಪಾದದ ಮುಂದೆ ಇನ್ನೊಂದು ಪಾದ ಇಟ್ಟು, ಕಟ್ಟೆಯ ಮೇಲೆ ಕೈ ಇಟ್ಟುಕೊಂಡೇ, ಹತ್ತು ಎಣಿಸುವವರೆಗೆ ನಿಲ್ಲುವುದು ಸಮತೋಲಕ್ಕೆ. ಅರ್ಧ ಕಿಲೋ ರಾಗಿಯನ್ನು ಬಟ್ಟೆಯ ಚೀಲದಲ್ಲಿ ಹೊಲಿದು ಕಾಲಿನ ಹರಡಿಗೆ ಕಟ್ಟಿ, ಕುರ್ಚಿಯಲ್ಲಿ ಕುಳಿತು ಮಂಡಿ ನೀಡಿ ಮಡಿಸಬಹುದು. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು 1990ರ ದಶಕದಲ್ಲಿ ಮನೆಯಲ್ಲೇ ಮಾಡುವ ಇಂಥ ವ್ಯಾಯಾಮಗಳನ್ನೇ ಕ್ರಮವಾಗಿ ಜೋಡಿಸಿದರು. ಕಾಲಿಗೆ ತೂಕ ಕಟ್ಟಿ ವಾರಕ್ಕೆ ಮೂರು ದಿನ ವ್ಯಾಯಾಮ, ಜೊತೆಗೆ ನಡಿಗೆ. ಬೀಳುವುದು ಸುಮಾರು ಮೂರರಲ್ಲಿ ಒಂದು ಪಾಲು ಕಡಿಮೆಯಾಯಿತು. ಅವರೂ ಇದಕ್ಕೆ ಯಂತ್ರ ಬಳಸಲಿಲ್ಲ. ಹದಿನೈದು ದಿನಕ್ಕೊಮ್ಮೆ ಪೇಟೆಯ ಫಿಸಿಯೋಥೆರಪಿಸ್ಟ್ ಹತ್ತಿರ ಹೋಗಿ ಮುಂದಿನ ಪಾಠ ಹೇಳಿಸಿಕೊಂಡು ಬಂದರೆ ಸಾಕು, ದಿನಾ ಹೋಗುವ ಖರ್ಚು ಬೇಡ.

ವ್ಯಾಯಾಮದ ನಂತರ ಸ್ವಲ್ಪ ನೋವು ಸಹಜ. ಮರುದಿನ ಬೆಳಿಗ್ಗೆಯೂ ಅದೇ ನೋವು ಉಳಿದಿದ್ದರೆ ಎಣಿಕೆ ಇಳಿಸಿ. ಆದರೆ ತೊಡೆಸಂದಿಯಲ್ಲಿ ಹಠಾತ್ತನೆ ನೋವು ಬಂದು ಕಾಲೂರಲು ಆಗದಿದ್ದರೆ, ಗಾಯ ಒಸರಿದರೆ, ಮೀನಖಂಡ ಊದಿ ನೋಯುತ್ತಿದ್ದರೆ ಅಥವಾ ಉಸಿರು ಕಟ್ಟಿದಂತಾದರೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಎಣ್ಣೆಯ ವಿಷಯಕ್ಕೆ ಇಷ್ಟೇ: ಊದಿದ ಮೀನಖಂಡವನ್ನು ಯಾರಿಂದಲೂ ತಿಕ್ಕಿಸಬೇಡಿ, ರಕ್ತ ಹೆಪ್ಪುಗಟ್ಟಿದ್ದರೆ ಅದು ಜೀವಕ್ಕೆ ಕುತ್ತು. ಚಪ್ಪೆಯ ಗುಂಡನ್ನೇ ಬದಲಿಸಿದ ಆಪರೇಷನ್ ಆದವರು ಇದನ್ನು ಓದುತ್ತಿದ್ದರೆ, ನಿಮಗೆ ಬಾಗುವುದಕ್ಕೆ, ಕಾಲ ಮೇಲೆ ಕಾಲು ಹಾಕುವುದಕ್ಕೆ ಬೇರೆ ಕಟ್ಟುಪಾಡುಗಳಿರಬಹುದು. ನಿಮ್ಮ ಸರ್ಜನ್ನರನ್ನು ಕೇಳದೆ ಮೇಲಿನದನ್ನು ಮಾಡಬೇಡಿ.

ಇನ್ನು ಮನೆ. ನಮ್ಮ ಮಲೆನಾಡಿನ ಮನೆಗಳಲ್ಲಿ ಹೊಸ್ತಿಲು ಎತ್ತರ, ಬಚ್ಚಲು ದೂರ, ಜೂನ್‌ನಿಂದ ಅಂಗಳ ಹಸಿರು. ಬ್ಲೀಚಿಂಗ್ ಪುಡಿ ಹಾಕಿ ಗಟ್ಟಿ ಪೊರಕೆಯಿಂದ ಉಜ್ಜಿ ಪಾಚಿ ತೆಗೆಸಿ, ಬಚ್ಚಲಿಗೆ ಹೋಗುವ ದಾರಿಗೆ ಒರಟು ಕಲ್ಲು ಹಾಸಿಸಿ. ಗೋಣಿಚೀಲ ಹಾಸಬೇಡಿ, ಅದು ಮುದುರಿ ಕಾಲಿಗೆ ತೊಡರುತ್ತದೆ. ಬಚ್ಚಲ ಗೋಡೆಗೆ ಹಿಡಿಕೆಯನ್ನು ಗಾರೆಯವರಿಂದಲೇ ಗಟ್ಟಿಯಾಗಿ ಕೂರಿಸಿ. ಟವೆಲ್ ಹಾಕುವ ಸರಳು ಮೈಭಾರ ತಡೆಯುವುದಿಲ್ಲ. ಸದ್ಯಕ್ಕೆ ಮಣೆಯ ಬದಲು ಎತ್ತರದ ಸ್ಟೂಲಿನ ಮೇಲೆ ಕೂರಿಸಿ ಸ್ನಾನ, ಹಾಸಿಗೆಯ ಹತ್ತಿರ ಕಮೋಡ್ ಕುರ್ಚಿ. ಸವೆದ ಹವಾಯಿ ಚಪ್ಪಲಿಯನ್ನು ಇವತ್ತೇ ಎಸೆಯಿರಿ, ಹಿಂದೆ ಪಟ್ಟಿ ಇರುವ ಚಪ್ಪಲಿ ತನ್ನಿ. ಸೀರೆಯ ಅಂಚು ಹರಡಿಗಿಂತ ಮೇಲಿರಲಿ. ಕರೆಂಟ್ ಹೋದಾಗ ತಾನೇ ಹತ್ತಿಕೊಳ್ಳುವ ಚಾರ್ಜಿಂಗ್ ಬಲ್ಬ್ ಒಂದನ್ನು ಅವರ ಕೋಣೆಗೆ ಹಾಕಿಸಿ.

ಅಂಗಳದಲ್ಲಿ ನಿಂತ ಎತ್ತರದಿಂದ ಬಿದ್ದದ್ದಕ್ಕೇ ಚಪ್ಪೆ ಮುರಿಯಿತು ಎಂದರೆ ಮೂಳೆ ಸವೆದಿರುವ ಸಂಭವ ಹೆಚ್ಚು. ಮೂಳೆ ಸಾಂದ್ರತೆಯ ಪರೀಕ್ಷೆ, ವಿಟಮಿನ್ ಡಿ, ಮೂಳೆ ಗಟ್ಟಿಗೊಳಿಸುವ ಔಷಧ, ಇವುಗಳ ಬಗ್ಗೆ ಮುಂದಿನ ಭೇಟಿಯಲ್ಲಿ ನೀವಾಗಿಯೇ ಕೇಳಿ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ, ಮುದ್ದೆ ಬಿಡಿಸಬೇಡಿ. ಸ್ನಾಯು ಬೆಳೆಯಲು ಹುರುಳಿ, ಅವರೆ, ಹಾಲು, ತಿನ್ನುವವರಾದರೆ ಮೊಟ್ಟೆ ಬೇಕು. ಗಂಜಿ ಕುಡಿಸಿ ಕಾಲಿಗೆ ಕಸುವು ಬರಿಸಲಾಗುವುದಿಲ್ಲ.

ಹಾಸನಾಂಬೆಯ ದರ್ಶನ ಎಂದು ನೀವು ಬರೆದದ್ದು ನನಗೆ ದೊಡ್ಡ ಸಹಾಯ. ವರ್ಷಕ್ಕೊಮ್ಮೆ, ಆಶ್ವಯುಜದಲ್ಲಿ ತೆರೆಯುವ ಬಾಗಿಲು ಅದು. ‘ವ್ಯಾಯಾಮ ಮಾಡಿ’ ಎಂದರೆ ಏಳದವರು ‘ತಾಯಿಯನ್ನು ನೋಡಬೇಕಲ್ಲ’ ಎಂದರೆ ಕುರ್ಚಿಯ ಅಂಚಿಗೆ ಬರುತ್ತಾರೆ. ಅವರಿಗೆ ಅದನ್ನೇ ನೆನಪಿಸಿ. ಹೊರಡುವ ವಾರ ಒಂದು ಪರೀಕ್ಷೆ ಮಾಡಿ: ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕೂರಲಿ. ವಾಕರ್ ಇದ್ದರೂ ಸರಿ. 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಬೀಳುವ ಅಪಾಯ ಇನ್ನೂ ಇದೆ ಎಂದು ಅರ್ಥ. ನಿಮ್ಮ ಅತ್ತೆಗೆ ಈ ವರ್ಷ ಹೆಚ್ಚೇ ಹಿಡಿಯಬಹುದು. ಗಂಟೆಗಟ್ಟಲೆ ಸರದಿಯಲ್ಲಿ, ನೂಕುನುಗ್ಗಲಲ್ಲಿ ನಿಲ್ಲಿಸುವುದನ್ನು ನಾನು ಒಪ್ಪುವುದಿಲ್ಲ. ಗಾಲಿಕುರ್ಚಿಯಲ್ಲಿ ಕರೆತನ್ನಿ. ಜನ ಕಡಿಮೆ ಇರುವ ಕಡೆ ಎದ್ದು ನಾಲ್ಕು ಹೆಜ್ಜೆ ತಾವೇ ನಡೆಯಲಿ. ಆ ನಾಲ್ಕು ಹೆಜ್ಜೆಯನ್ನು ಕಂಕುಳಿಗೆ ಯಾರ ಕೈಯೂ ಇಲ್ಲದೆ ನಡೆಯಬೇಕು, ಅಷ್ಟನ್ನು ಈಗಿನಿಂದ ಅಭ್ಯಾಸ ಮಾಡಿಸಿ.

ಪ್ರಶ್ನೆ: ನಾನು ಅರಸೀಕೆರೆಯ ನಿವೃತ್ತ ಶಿಕ್ಷಕ. ಎಡಮಂಡಿ ನೋವಿಗೆ ಊರುಗೋಲನ್ನು ಎಡಗೈಯಲ್ಲಿ ಹಿಡಿಯುತ್ತಿದ್ದೇನೆ. ಬಲಗೈಯಲ್ಲಿ ಹಿಡಿಯಬೇಕೆಂದು ಸ್ನೇಹಿತರು ಹೇಳುತ್ತಾರೆ. ಯಾವುದು ಸರಿ?

ಉತ್ತರ: ಸ್ನೇಹಿತರ ಮಾತೇ ಸರಿ, ಸರ್. ಬಲಗೈಯ ಕೋಲೂ ಎಡಗಾಲೂ ಒಟ್ಟಿಗೆ ಮುಂದೆ ಹೋಗಬೇಕು. ಆಗ ಎಡಗಾಲಿನ ಮೇಲೆ ಬೀಳುವ ಭಾರವನ್ನು ಕೋಲು ಹಂಚಿಕೊಳ್ಳುತ್ತದೆ, ಮೈ ಒಂದೇ ಕಡೆಗೆ ವಾಲುವುದಿಲ್ಲ. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಕೋಲೂ ನೋವಿನ ಕಾಲೂ ಮೊದಲು. ಕೋಲಿನ ತುದಿಯ ರಬ್ಬರ್ ಬುಷ್ ಸವೆದು ನುಣುಪಾಗಿದ್ದರೆ ಬದಲಾಯಿಸಿ, ಬಹಳ ಅಗ್ಗದ ವಸ್ತು ಅದು.

ಪ್ರಶ್ನೆ: ಬೇಲೂರಿನವನು, 66 ವರ್ಷ. ಬಿಪಿ ಮಾತ್ರೆ ಮತ್ತು ನಿದ್ದೆ ಮಾತ್ರೆ ತೆಗೆದುಕೊಳ್ಳುತ್ತೇನೆ. ರಾತ್ರಿ ಮೂತ್ರಕ್ಕೆ ಎದ್ದಾಗ ತಲೆ ತಿರುಗಿ ಎರಡು ಸಲ ಬಿದ್ದಿದ್ದೇನೆ. ಎರಡನೆಯ ಸಲ ಮನೆಯವರ ನಿದ್ದೆ ಕೆಡಿಸಬಾರದೆಂದು ಬೆಳಗಾಗುವವರೆಗೆ ನೆಲದ ಮೇಲೆಯೇ ಮಲಗಿದ್ದೆ.

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲು ಓದಿ ನನಗೆ ಬಹಳ ಸಂಕಟವಾಯಿತು. ನೀವು ಮೊದಲು ವೈದ್ಯರ ಬಳಿ ಹೋಗಬೇಕು, ವ್ಯಾಯಾಮ ಆಮೇಲೆ. ಮಲಗಿದ್ದಾಗಿನ ಬಿಪಿ, ಎದ್ದು ನಿಂತ ಮೂರು ನಿಮಿಷದೊಳಗಿನ ಬಿಪಿ, ಎರಡನ್ನೂ ನೋಡಿಸಿ. ಮೇಲಿನ ಅಂಕಿ 20ರಷ್ಟೋ ಅದಕ್ಕಿಂತ ಹೆಚ್ಚೋ ಇಳಿದರೆ ತಲೆ ತಿರುಗುವ ಕಾರಣ ಬಹುಮಟ್ಟಿಗೆ ಅದೇ. ನಿದ್ದೆ ಮಾತ್ರೆಯ ಮಂಪರೂ ಬೀಳಿಸುತ್ತದೆ. ಹಾಗೆಂದು ಯಾವ ಮಾತ್ರೆಯನ್ನೂ ನೀವಾಗಿ ಬಿಡಬೇಡಿ, ಎಲ್ಲ ಚೀಟಿಗಳನ್ನೂ ಒಟ್ಟಿಗೆ ತೆಗೆದುಕೊಂಡು ಹೋಗಿ ತೋರಿಸಿ. ಅಲ್ಲಿಯವರೆಗೆ, ಎಚ್ಚರವಾದಾಗ ಹಾಸಿಗೆಯ ಅಂಚಿನಲ್ಲಿ ಕುಳಿತು ಪಾದಗಳನ್ನು ಮೇಲೆ ಕೆಳಗೆ ಇಪ್ಪತ್ತು ಸಲ ಆಡಿಸಿ, ದೀಪ ಹಾಕಿ, ಆಮೇಲೆ ಏಳಿ. ಮೂತ್ರದ ಪಾತ್ರೆಯನ್ನು ಮಂಚದ ಪಕ್ಕ ಇಟ್ಟುಕೊಂಡರೆ ಇನ್ನೂ ಒಳ್ಳೆಯದು.

ಮತ್ತೆ ಬಿದ್ದರೆ ಒಂದು ನಿಮಿಷ ಹಾಗೆಯೇ ಇದ್ದು ಎಲ್ಲಿ ನೋವಿದೆ ನೋಡಿಕೊಳ್ಳಿ. ಕಾಲು ಆಡಿಸಲು ಆಗುತ್ತಿದ್ದರೆ ಮಗ್ಗುಲಾಗಿ, ಅಂಗೈ ಮಂಡಿ ಊರಿ, ಅಂಬೆಗಾಲಿನಲ್ಲಿ ಮಂಚದ ಹತ್ತಿರ ಬನ್ನಿ. ಮಂಚದ ಮೇಲೆ ಎರಡೂ ಕೈ ಊರಿ, ಗಟ್ಟಿ ಕಾಲಿನ ಪಾದವನ್ನು ಮುಂದೆ ಇಟ್ಟು, ಎದ್ದು ಹಾಗೆಯೇ ತಿರುಗಿ ಕುಳಿತುಕೊಳ್ಳಿ. ಇದನ್ನು ಹಗಲಿನಲ್ಲಿ, ಮನೆಯವರು ಹತ್ತಿರ ಇರುವಾಗ ಒಂದೆರಡು ಸಲ ಮಾಡಿ ನೋಡಿ. ರಾತ್ರಿ ಬಿದ್ದರೆ ಮಾತ್ರ ಮೊದಲು ಮನೆಯವರನ್ನು ಕೂಗಿ, ಆಮೇಲೆ ಏಳುವ ಯತ್ನ. ಅವರ ನಿದ್ದೆ ಕೆಡಲಿ.