ನಾನು ಕೊಡದ ಹೆಸರು ಬಿಲ್ಲಿಗೆ ಬಂದದ್ದು ಹೇಗೆ?

ಪ್ರಶ್ನೆ: ಎರಡು ತಿಂಗಳ ಹಿಂದೆ ಬೇರೆ ಬಾಡಿಗೆ ಮನೆಗೆ ಬಂದೆವು. ಕರೆಂಟ್ ಕನೆಕ್ಷನ್ ನಾನೇ ಅರ್ಜಿ ಕೊಟ್ಟು ನನ್ನ ಹೆಸರಿಗೆ ಮಾಡಿಸಿಕೊಂಡೆ. ನೀರಿನ ಕಂಪನಿಗೆ ಇನ್ನೂ ಏನೂ ತಿಳಿಸಿರಲಿಲ್ಲ. ಹೋದ ವಾರ ನೀರಿನ ಬಿಲ್ ಬಂತು. ಅದರ ಮೇಲೆ ನನ್ನ ಪೂರ್ತಿ ಹೆಸರು! ಅದೂ ಸ್ಪೆಲಿಂಗ್‌ನಲ್ಲಿ ಒಂದು ‘ಎಚ್’ ಜಾಸ್ತಿ. ನಾನು ಯಾವತ್ತೂ ಹಾಗೆ ಬರೆಯುವುದಿಲ್ಲ. ನನ್ನ ಹೆಸರು ಅವರಿಗೆ ಕೊಟ್ಟವರು ಯಾರು? ಇದು ಕಾನೂನಿಗೆ ವಿರುದ್ಧ ಅಲ್ವಾ?

ಉತ್ತರ: ಆ ಜಾಸ್ತಿಯಾದ ‘ಎಚ್’ ಇದೆಯಲ್ಲ, ಅರ್ಧ ಉತ್ತರ ಅದರಲ್ಲೇ ಇದೆ. ಬಾಡಿಗೆ ಕರಾರು ಪತ್ರ ತೆಗೆದು ನೋಡಿ. ಅಲ್ಲೂ ಅದೇ ‘ಎಚ್’ ಇದ್ದರೆ, ಹೆಸರು ಹೋಗಿರುವುದು ಹೆಚ್ಚಾಗಿ ಮನೆ ಮಾಲೀಕರಿಂದ ಅಥವಾ ಏಜೆಂಟರಿಂದ. ಕರಾರಿನಲ್ಲಿ ಸರಿಯಾಗಿದ್ದು ಕರೆಂಟ್ ಬಿಲ್ಲಿನಲ್ಲಿ ತಪ್ಪಿದ್ದರೆ, ಹೆಸರು ಬಂದ ದಾರಿ ಬೇರೆ, ಅದನ್ನು ಮುಂದೆ ಹೇಳುತ್ತೇನೆ. ಒಂದು ಕಡೆ ಆದ ತಪ್ಪು ಸ್ಪೆಲಿಂಗ್ ಇನ್ನೊಂದು ಕಡೆಗೆ ಹಾಗೇ ನಕಲಾಗುತ್ತಾ ಹೋಗುತ್ತದೆ, ನಡುವೆ ಯಾರೂ ತಿದ್ದುವುದಿಲ್ಲ. ನಾನು ಬಿಲ್ಲಿಂಗ್ ವಿಭಾಗದಲ್ಲಿ ಕೂತಿದ್ದ ಕಾಲದಲ್ಲಿ ಒಂದು ಹೆಸರಿನ ಮೂಲ ಹುಡುಕಬೇಕಾದರೆ ಮೊದಲು ನೋಡುತ್ತಿದ್ದದ್ದು ಇಂಥ ತಪ್ಪುಗಳನ್ನೇ. ಸರಿಯಾದ ಹೆಸರಿಗೆ ನೂರು ಮೂಲ ಇರಬಹುದು, ತಪ್ಪು ಹೆಸರಿಗೆ ಒಂದೋ ಎರಡೋ.

ಇನ್ನು ಅವರಿಗೆ ನಿಮ್ಮ ಹೆಸರು ಯಾಕೆ ಬೇಕು ಅಂತ ಹೇಳಿಬಿಡುತ್ತೇನೆ. ಕಂಪನಿಯ ಲೆಕ್ಕದಲ್ಲಿ ಖಾತೆ ಇರುವುದು ಮನೆಗೆ, ಮೀಟರಿಗೆ. ಹಿಂದಿನ ಬಾಡಿಗೆದಾರರು ಖಾತೆ ಮುಚ್ಚಿಸಿ ಹೋದ ದಿನ ಹೆಸರಿನ ಜಾಗ ಖಾಲಿಯಾಗುತ್ತದೆ. ನೀರು ಮಾತ್ರ ಹರಿಯುತ್ತಲೇ ಇರುತ್ತದೆ. ‘ಈ ಮನೆಯಲ್ಲಿ ವಾಸವಿರುವವರಿಗೆ’ ಅಂತ ಬಿಲ್ ಕಳಿಸಿದರೆ ಜನ ಅದನ್ನು ಜಾಹೀರಾತಿನ ಜೊತೆ ಕಸಕ್ಕೆ ಹಾಕುತ್ತಾರೆ. ಬಾಕಿ ವಸೂಲಿಗೆ, ನೋಟಿಸ್ ಕೊಡುವುದಕ್ಕೆ, ಎಲ್ಲದಕ್ಕೂ ಒಂದು ಹೆಸರು ಬೇಕು. ಹಾಗಾಗಿ ಖಾಲಿ ಜಾಗ ಕಂಡ ಕೂಡಲೇ ಹುಡುಕಾಟ ಶುರು.

ಮೊದಲು ಕೇಳುವುದು ಮಾಲೀಕರನ್ನು. ಮಾಲೀಕರೂ ಖುಷಿಯಿಂದ ಹೇಳುತ್ತಾರೆ, ಇಲ್ಲದಿದ್ದರೆ ಬಿಲ್ ಅವರ ತಲೆಗೇ ಬರುತ್ತದೆ ಅನ್ನುವ ಭಯ. ಕೆಲವು ಕಡೆ ಹೇಳುವುದು ಕಡ್ಡಾಯ ಕೂಡ. ಬ್ರಿಟನ್ನಿನ ವೇಲ್ಸ್‌ನಲ್ಲಿ 2015ರ ಜನವರಿಯಿಂದ ಈ ನಿಯಮ ಇದೆ: ಬಾಡಿಗೆದಾರರು ಬಂದ 21 ದಿನದೊಳಗೆ ಮಾಲೀಕರು ಅವರ ವಿವರವನ್ನು ನೀರಿನ ಕಂಪನಿಗೆ ಕೊಡಬೇಕು. ಕೊಡದಿದ್ದರೆ ನೀರಿನ ಬಾಕಿಗೆ ಮಾಲೀಕರೂ ಹೊಣೆಯಾಗುತ್ತಾರೆ. ಖಾತೆ ಮುಚ್ಚಿಸಿದ ಹಳೆಯ ಬಾಡಿಗೆದಾರರೂ ‘ಈಗ ಇಂಥವರು ಬಂದಿದ್ದಾರೆ’ ಅಂತ ಹೇಳಿರಬಹುದು.

ಅದೂ ಆಗದಿದ್ದರೆ ಸಾಲದ ಚರಿತ್ರೆ ಇಟ್ಟುಕೊಳ್ಳುವ ಕ್ರೆಡಿಟ್ ಸಂಸ್ಥೆಗಳು. ನೀವು ಕರೆಂಟಿಗೆ ಅರ್ಜಿ ಹಾಕಿದಾಗ ಸಣ್ಣ ಅಕ್ಷರದ ಒಂದು ಷರತ್ತಿಗೆ ಟಿಕ್ ಮಾಡಿರುತ್ತೀರಿ. ಆ ಹೊತ್ತಿಗೆ ನಿಮ್ಮ ಹೆಸರು ಮತ್ತು ಹೊಸ ವಿಳಾಸ ಎರಡೂ ಆ ಸಂಸ್ಥೆಯ ಕಡತದಲ್ಲಿ ಒಟ್ಟಿಗೆ ಕೂತವು. ನೀರಿನ ಕಂಪನಿ ಅದೇ ಸಂಸ್ಥೆಗೆ ದುಡ್ಡು ಕೊಟ್ಟು ‘ಈ ವಿಳಾಸದಲ್ಲಿ ಯಾರಿದ್ದಾರೆ?’ ಅಂತ ಕೇಳಿದರೆ ಉತ್ತರ ಸಿದ್ಧ. ಮತದಾರರ ಪಟ್ಟಿಯೂ ಒಂದು ಮೂಲ. ಬ್ರಿಟನ್‌ನಲ್ಲಿ ಆ ಪಟ್ಟಿಯ ಒಂದು ಮುಕ್ತ ಆವೃತ್ತಿಯನ್ನು ಯಾರು ಬೇಕಾದರೂ ಕೊಂಡುಕೊಳ್ಳಬಹುದು. ಬೇಡ ಅಂತ ಬರೆದುಕೊಟ್ಟರೆ ಅದರಿಂದ ನಿಮ್ಮ ಹೆಸರು ತೆಗೆಯುತ್ತಾರೆ, ಆದರೆ ನೀವಾಗಿ ಬರೆದುಕೊಡಬೇಕು.

ಕಾನೂನಿನ ಮಾತು. ಸೇವೆ ಬಳಸಿದವರ ಹೆಸರು ಹುಡುಕುವುದು ತಾನಾಗಿಯೇ ತಪ್ಪಾಗುವುದಿಲ್ಲ. ಎಷ್ಟೋ ಕಡೆ ನಲ್ಲಿ ತಿರುಗಿಸಿದ ದಿನದಿಂದಲೇ ನೀವು ಗ್ರಾಹಕರು, ಸಹಿ ಮಾಡಿರಲಿ ಬಿಡಲಿ. ಆದರೆ ಎಲ್ಲಿಂದ ತಂದರು ಅನ್ನುವುದನ್ನು ಮುಚ್ಚಿಡುವುದು ತಪ್ಪಾಗಬಹುದು. ಯೂರೋಪಿನಲ್ಲಿ 2018ರ ಮೇ 25ರಿಂದ ಜಾರಿಯಲ್ಲಿರುವ, ಜನರ ಖಾಸಗಿ ಮಾಹಿತಿ ಕಾಪಾಡುವ ಜಿಡಿಪಿಆರ್ ಕಾನೂನಿನ 14ನೇ ವಿಧಿ ಇರುವುದು ನಿಮ್ಮಂಥವರಿಗಾಗಿಯೇ. ಮಾಹಿತಿ ನಿಮ್ಮಿಂದ ಬರದೆ ಬೇರೆಯವರಿಂದ ಬಂದಿದ್ದರೆ, ಅದರ ಮೂಲ ಯಾವುದು ಅಂತ ಕಂಪನಿ ನಿಮಗೆ ಹೇಳಬೇಕು. ಹೆಚ್ಚೆಂದರೆ ಒಂದು ತಿಂಗಳೊಳಗೆ. ಕೆಲವು ವಿನಾಯಿತಿಗಳಿವೆ, ಆದರೆ ಸಾಮಾನ್ಯ ನಿಯಮ ಇದು. ನಿಮ್ಮ ಕಡೆ ಯಾವ ಕಾನೂನೇ ಇರಲಿ, ಪತ್ರದಲ್ಲಿ ಒಂದೇ ಸಾಲು ಸಾಕು: ‘ನನ್ನ ಹೆಸರು ನಿಮಗೆ ಯಾರಿಂದ, ಯಾವ ದಿನ ಬಂತು ಎಂದು ತಿಳಿಸಿ.’ ಫೋನಿನಲ್ಲಿ ಕೇಳಬೇಡಿ. ಕಾಲ್ ಸೆಂಟರ್‌ನ ಹುಡುಗನಿಗೆ ಆ ಪರದೆಯೇ ಕಾಣುವುದಿಲ್ಲ, ಪಾಪ ಏನೋ ಒಂದು ಹೇಳಿಬಿಡುತ್ತಾನೆ.

ಹೆಸರಿನ ಸಿಟ್ಟಿನಲ್ಲಿ ಬಿಲ್ಲನ್ನೇ ಸರಿಯಾಗಿ ನೋಡದೆ ಇರಬೇಡಿ. ಬಿಲ್ ಯಾವ ದಿನದಿಂದ ಶುರುವಾಗಿದೆ? ಮೊದಲ ರೀಡಿಂಗ್ ಎಷ್ಟು? ಮಾಲೀಕರು ನಿಮ್ಮ ಹೆಸರು ಕೊಟ್ಟಿದ್ದರೆ ತಾರೀಖನ್ನೂ ಅವರೇ ಕೊಟ್ಟಿರುತ್ತಾರೆ. ಮನೆ ಖಾಲಿ ಇದ್ದು ಪೇಂಟಿಂಗ್ ನಡೆದ ಮೂರು ವಾರದ ನೀರು ಹೊಸ ಬಾಡಿಗೆದಾರರ ಲೆಕ್ಕಕ್ಕೆ ಬಂದದ್ದನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ. ಬೀಗದ ಕೈ ತಗೊಂಡ ದಿನವೇ ಮೀಟರಿನ ಫೋಟೋ ತೆಗೆದಿಟ್ಟಿದ್ದರೆ ನೀವು ಗೆದ್ದ ಹಾಗೆ. ತೆಗೆದಿಲ್ಲವಾ? ಕರಾರಿನ ತಾರೀಖನ್ನೇ ಹಿಡಿದುಕೊಳ್ಳಿ.

ಪ್ರಶ್ನೆ: ಸ್ಮಾರ್ಟ್ ಮೀಟರ್ ಹಾಕಿಸಿದರೆ ಮನೆಯೊಳಗೆ ನಾವು ಏನು ಮಾಡ್ತೀವಿ ಅನ್ನೋದೆಲ್ಲಾ ಕಂಪನಿಗೆ ಗೊತ್ತಾಗುತ್ತೆ ಅಂತಾನೆ ನನ್ನ ಮಗ. ‘ಮೀಟರಿಗೇನು ಕಣ್ಣಿದೆಯಾ?’ ಅಂತ ನಗ್ತಾರೆ ನಮ್ಮ ಮಾವ. ಯಾರ ಮಾತು ಸರಿ?

ಉತ್ತರ: ಮೀಟರಿಗೆ ಕಣ್ಣಿಲ್ಲ ನಿಜ, ಆದರೆ ನಾಡಿ ಹಿಡಿದು ನೋಡುವುದು ಅದಕ್ಕೆ ಗೊತ್ತು. ಎಷ್ಟು ಹೊತ್ತಿಗೊಮ್ಮೆ ಹಿಡಿಯುತ್ತದೆ ಅನ್ನುವುದರ ಮೇಲೆ ನಿಮ್ಮ ಮಗನ ಮಾತು ಎಷ್ಟು ಸರಿ ಅನ್ನುವುದು ನಿಂತಿದೆ.

ಹಳೆಯ ಮೀಟರ್ ತಿಂಗಳಿಗೆ ಒಂದು ಅಂಕಿ ಕೊಡುತ್ತಿತ್ತು. ಸ್ಮಾರ್ಟ್ ಮೀಟರ್ ಸಾಮಾನ್ಯವಾಗಿ 15 ಅಥವಾ 30 ನಿಮಿಷಕ್ಕೊಂದು ಅಂಕಿ ಕೊಡುತ್ತದೆ. 15 ನಿಮಿಷ ಅಂದರೆ ದಿನಕ್ಕೆ 96 ಅಂಕಿ. ಅದನ್ನು ಗೆರೆಯಾಗಿ ಬರೆದರೆ ಒಂದು ದಿನದ ಚಿತ್ರ ಬರುತ್ತದೆ. ರಾತ್ರಿಯೆಲ್ಲಾ ಗೆರೆ ನೆಲಕ್ಕೆ ಅಂಟಿರುತ್ತದೆ, ಫ್ರಿಜ್ ಹತ್ತಿ ಆರಿದಾಗ ಮಾತ್ರ ಸಣ್ಣ ಅಲೆ. ಬೆಳಿಗ್ಗೆ ಗೀಸರ್ ಹಾಕಿದ ಕೂಡಲೇ ಗೆರೆ ನೆಟ್ಟಗೆ ಎರಡು ಕಿಲೋವಾಟ್ ಮೇಲಕ್ಕೆ ಹಾರುತ್ತದೆ. ಎಲ್ಲರೂ ಹೊರಗೆ ಹೋದ ಮೇಲೆ ಮತ್ತೆ ನೆಲಕ್ಕೆ. ನೀವು ಏಳುವ ಹೊತ್ತು, ಮಲಗುವ ಹೊತ್ತು ಕಾಣುತ್ತದೆ. ನಾಲ್ಕು ದಿನ ಬರೀ ಫ್ರಿಜ್ಜಿನ ಅಲೆ ಇದ್ದರೆ ಮನೆಯಲ್ಲಿ ಯಾರೂ ಇಲ್ಲ ಅನ್ನುವುದೂ ಕಾಣುತ್ತದೆ. ನನಗೆ ಎಲ್ಲಕ್ಕಿಂತ ಜಾಸ್ತಿ ಅಂಜಿಕೆ ಈ ಕೊನೆಯದರ ಬಗ್ಗೆಯೇ.

ಇದು ಹೊಸ ಭಯವೂ ಅಲ್ಲ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಜಾರ್ಜ್ ಹಾರ್ಟ್ ಅನ್ನುವವರು 1980ರ ದಶಕದಲ್ಲೇ, ಮನೆಯ ಒಟ್ಟು ಕರೆಂಟಿನ ಏರಿಳಿತ ನೋಡಿ ಯಾವ ಉಪಕರಣ ಹತ್ತಿತು, ಯಾವುದು ಆರಿತು ಅಂತ ಗುರುತಿಸುವ ವಿಧಾನ ಕಟ್ಟಿದರು. ಇದನ್ನು ಮನೆಗಳ ಮೇಲೆ ಕಣ್ಣಿಡುವುದಕ್ಕೂ ಬಳಸಬಹುದು ಅಂತ 1989ರಲ್ಲಿ ಎಚ್ಚರಿಸಿ ಬರೆದವರೂ ಅವರೇ. 2011ರಲ್ಲಿ ಜರ್ಮನಿಯ ಮ್ಯೂನ್‌ಸ್ಟರ್‌ನ ಸಂಶೋಧಕರು ಇನ್ನೂ ಮುಂದೆ ಹೋದರು. ಎರಡು ಸೆಕೆಂಡಿಗೊಮ್ಮೆ ಓದುವ ಒಂದು ಮೀಟರಿನ ಅಂಕಿಗಳಿಂದ, ಟಿವಿಯಲ್ಲಿ ಯಾವ ಸಿನಿಮಾ ಓಡುತ್ತಿದೆ ಅನ್ನುವುದನ್ನೂ ಹಿಡಿಯಬಹುದು ಎಂದು ತೋರಿಸಿದರು. ಪರದೆ ಬೆಳಕಾದಾಗ ಕರೆಂಟ್ ಜಾಸ್ತಿ, ಕತ್ತಲಾದಾಗ ಕಡಿಮೆ, ಅಷ್ಟೇ ಗುಟ್ಟು. ಆದರೆ 15 ನಿಮಿಷಕ್ಕೊಮ್ಮೆ ಓದುವ ಮೀಟರಿನಲ್ಲಿ ಸಿನಿಮಾ ಸಿಗುವುದಿಲ್ಲ. ನಿಮ್ಮ ಮಾವನವರು ಅಷ್ಟು ಮಟ್ಟಿಗೆ ನಗಬಹುದು.

ಸರ್ಕಾರಗಳೂ ಈ ವಿಷಯದಲ್ಲಿ ಎಡವಿವೆ. ಸ್ಮಾರ್ಟ್ ಮೀಟರನ್ನು ಕಡ್ಡಾಯ ಮಾಡುವ ಮಸೂದೆಯನ್ನು ನೆದರ್ಲೆಂಡ್ಸ್‌ನ ಮೇಲ್ಮನೆ 2009ರಲ್ಲಿ ಖಾಸಗಿತನದ ಕಾರಣಕ್ಕೆ ತಡೆಯಿತು. ಆಮೇಲೆ ಬೇಡ ಅನ್ನುವವರಿಗೆ ಬೇಡ ಅನ್ನುವ ಅವಕಾಶ ಸಿಕ್ಕಿತು. ಅಮೆರಿಕದ ಇಲಿನಾಯ್ ರಾಜ್ಯದ ನೇಪರ್‌ವಿಲ್‌ನಲ್ಲಿ ಕರೆಂಟ್ ಕೊಡುವುದು ನಗರಾಡಳಿತವೇ. ಅಲ್ಲಿನ 15 ನಿಮಿಷದ ರೀಡಿಂಗ್ ವಿರುದ್ಧ ನಿವಾಸಿಗಳು ಕೋರ್ಟಿಗೆ ಹೋದರು. 2018ರಲ್ಲಿ ಮೇಲ್ಮನವಿ ನ್ಯಾಯಾಲಯ, ಸರ್ಕಾರಿ ಸಂಸ್ಥೆ ಹೀಗೆ ಅಂಕಿ ಸಂಗ್ರಹಿಸುವುದು ಮನೆಯನ್ನು ‘ಶೋಧ’ ಮಾಡಿದ ಹಾಗೆಯೇ ಅಂದಿತು. ಆದರೂ ಪೊಲೀಸ್ ಕೆಲಸಕ್ಕೆ ಬಳಸದೆ ಬರೀ ಕರೆಂಟ್ ವ್ಯವಸ್ಥೆಗೆ ಬಳಸುವುದರಿಂದ ಅದು ಸಮಂಜಸ ಅಂತ ನಗರದ ಪರವಾಗಿಯೇ ತೀರ್ಪು ಕೊಟ್ಟಿತು. ಸೋತವರ ವಾದವೂ ದಾಖಲೆಯಲ್ಲಿ ಉಳಿಯಿತು ಅನ್ನಿ.

ಮೀಟರ್ ಹಾಕಲು ಬಂದವರ ಹತ್ತಿರ ಜಗಳ ಆಡಿ ಲಾಭ ಇಲ್ಲ. ಕಂಪನಿಗೆ ಮೂರು ಪ್ರಶ್ನೆ ಬರೆದು ಕಳಿಸಿ: ಎಷ್ಟು ಹೊತ್ತಿಗೊಮ್ಮೆ ಓದುತ್ತೀರಿ, ಎಷ್ಟು ವರ್ಷ ಇಟ್ಟುಕೊಳ್ಳುತ್ತೀರಿ, ಹೊರಗಿನ ಯಾರಿಗೆ ಕೊಡುತ್ತೀರಿ. ದಿನಕ್ಕೊಂದೇ ರೀಡಿಂಗ್ ಸಾಕು ಅನ್ನುವ ಆಯ್ಕೆ ಇದ್ದರೆ ತಗೊಳ್ಳಿ.

ಪ್ರಶ್ನೆ: ‘ಹಿಂದಿನ ತಿಂಗಳ ಬಿಲ್ ಅಪ್‌ಡೇಟ್ ಆಗಿಲ್ಲ, ಇವತ್ತು ರಾತ್ರಿ ಕರೆಂಟ್ ಕಟ್ ಮಾಡ್ತೀವಿ, ಕೂಡಲೇ ಈ ನಂಬರಿಗೆ ಫೋನ್ ಮಾಡಿ’ ಅಂತ ಮೆಸೇಜ್ ಬಂತು. ನನ್ನ ಹೆಸರು, ಗ್ರಾಹಕ ಸಂಖ್ಯೆ ಎರಡೂ ಸರಿಯಾಗಿತ್ತು. ಕಂಪನಿ ಒಳಗಿನವರೇ ಕೊಟ್ಟಿರಬೇಕು, ಅಲ್ವಾ?

ಉತ್ತರ: ಇರಬಹುದು. ಆದರೆ ಒಳಗಿನವರ ಸಹಾಯ ಇಲ್ಲದೆಯೂ ಆಗುತ್ತದೆ. ಒಂದು ಪರೀಕ್ಷೆ ಮಾಡಿ. ಯಾವುದಾದರೂ ಪಾವತಿ ಆ್ಯಪ್ ತೆರೆದು, ನಿಮ್ಮದೇ ಗ್ರಾಹಕ ಸಂಖ್ಯೆ ಹಾಕಿ. ಪಾಸ್‌ವರ್ಡ್ ಕೇಳದೆಯೇ ನಿಮ್ಮ ಹೆಸರು, ಬಾಕಿ ಎಷ್ಟು ಅನ್ನುವುದು ಪರದೆ ಮೇಲೆ ಬಂತಾ? ಹಾಗಾದರೆ ಆ ಸಂಖ್ಯೆ ಯಾರ ಕೈಗೆ ಸಿಕ್ಕಿದರೂ ಅವರಿಗೂ ಬರುತ್ತದೆ. ಸಂಖ್ಯೆ ಸಿಗುವುದು ಕಷ್ಟವೇ? ಗೇಟಿಗೆ ಸಿಕ್ಕಿಸಿ ಹೋದ ಬಿಲ್, ಕಸಕ್ಕೆ ಹೋದ ಬಿಲ್, ವಿಳಾಸದ ದಾಖಲೆ ಅಂತ ಕೊಟ್ಟ ಜೆರಾಕ್ಸ್, ಎಲ್ಲದರಲ್ಲೂ ಅದು ದಪ್ಪ ಅಕ್ಷರದಲ್ಲಿದೆ. ಬಿಲ್ ಮೇಲೆ ನಿಮ್ಮ ಫೋನ್ ನಂಬರ್ ಇಲ್ಲದಿದ್ದರೆ ಅದು ಬೇರೆ ಎಲ್ಲಿಂದಲೋ ಸೋರಿ ಬಂದಿದೆ. ಎರಡನ್ನೂ ಹೊಂದಿಸುವುದು ಇವತ್ತು ದೊಡ್ಡ ಕೆಲಸವಲ್ಲ.

ಹೆಸರು ಸರಿ ಇದೆ ಅಂದ ಮಾತ್ರಕ್ಕೆ ಮೆಸೇಜ್ ನಿಜವಾಗುವುದಿಲ್ಲ. ‘ಇವತ್ತು ರಾತ್ರಿ’ ಅನ್ನುವ ಅವಸರ ನೋಡಿ. ಕರೆಂಟ್ ಕಟ್ ಮಾಡುವ ಮುಂಚೆ ನೋಟಿಸ್ ಕೊಡುವುದು ಸಾಮಾನ್ಯ ಪದ್ಧತಿ. ಹಳೆಯ ಕಾಗದದ ಬಿಲ್ ಮೇಲಿರುವ ಕಂಪನಿಯ ನಂಬರಿಗೆ ನೀವೇ ಫೋನ್ ಮಾಡಿ ಕೇಳಿ. ಈಗಾಗಲೇ ಅವರಿಗೆ ಫೋನ್ ಮಾಡಿ, ಅವರು ಹೇಳಿದ ಆ್ಯಪ್ ಹಾಕಿಕೊಂಡಿದ್ದರೆ ಮೊದಲು ಇಂಟರ್ನೆಟ್ ಆಫ್ ಮಾಡಿ. ನಿಮ್ಮ ಪರದೆಯಲ್ಲಿ ಬರುವ ಒಟಿಪಿ ಅವರಿಗೂ ಕಾಣಲಿ ಅಂತಲೇ ಅದನ್ನು ಹಾಕಿಸುವುದು. ಆಮೇಲೆ ಬೇರೆ ಫೋನಿನಿಂದ ಬ್ಯಾಂಕಿಗೆ, ನಂತರ ಪೊಲೀಸರಿಗೆ. ಕರೆಂಟ್ ಕಂಪನಿಗೆ ನಾಳೆ ಹೇಳಿದರೂ ನಡೆಯುತ್ತದೆ.

ಪ್ರಶ್ನೆ: ಬಿಲ್ಲಿಗಾಗಿ ಕೊಟ್ಟ ಮಾಹಿತಿಯನ್ನು ಕಂಪನಿಗಳು ಬೇರೆಯವರಿಗೆ ಮಾರುತ್ತವಾ? ಅರ್ಜಿಯಲ್ಲಿ ಕೇಳಿದ್ದೆಲ್ಲಾ ತುಂಬಲೇಬೇಕಾ?

ಉತ್ತರ: ಮಾರಿದ ಉದಾಹರಣೆ ಇದೆ. ಅಮೆರಿಕದಲ್ಲಿ ಫೋನ್, ಕರೆಂಟ್, ನೀರಿನ ಕಂಪನಿಗಳು ಸೇರಿ ಎನ್‌ಸಿಟಿಯುಇ ಅಂತ ಒಂದು ವಿನಿಮಯ ಕೂಟ ಮಾಡಿಕೊಂಡಿವೆ. ಬಾಕಿ ಉಳಿಸಿ ಹೋದವರು ಇನ್ನೊಂದು ಕಂಪನಿಗೆ ಹೊಸ ಗ್ರಾಹಕರಾಗಿ ಬಂದರೆ ಗೊತ್ತಾಗಲಿ ಅನ್ನುವುದು ಉದ್ದೇಶ. ಅದರ ಕಡತ ನೋಡಿಕೊಳ್ಳುವುದು ಈಕ್ವಿಫ್ಯಾಕ್ಸ್ ಅನ್ನುವ ಕ್ರೆಡಿಟ್ ಸಂಸ್ಥೆ. ಅಲ್ಲಿಂದ ಜನರ ಹೆಸರು, ವಿಳಾಸ ದಲ್ಲಾಳಿಗಳ ಮೂಲಕ ಮಾರಾಟವಾಗಿ, ವಲಸೆ ಇಲಾಖೆಯವರು ಜನರನ್ನು ಹುಡುಕಲು ಬಳಸುವ ಡೇಟಾಬೇಸ್ ಸೇರಿತ್ತು ಅನ್ನುವುದು 2021ರಲ್ಲಿ ಬಯಲಾಯಿತು. ಸೆನೆಟರ್ ರಾನ್ ವೈಡನ್ ಬೆನ್ನುಹತ್ತಿದ ಮೇಲೆ, ಅದೇ ವರ್ಷದ ಕೊನೆಗೆ ಆ ಮಾರಾಟ ನಿಲ್ಲಿಸುವುದಾಗಿ ಕೂಟ ಒಪ್ಪಿಕೊಂಡಿತು. ದೀಪ ಹಚ್ಚಲು ಹೆಸರು ಕೊಟ್ಟವರಿಗೆ ಅದು ಯಾರ ಕೈ ಸೇರುತ್ತದೆ ಅಂತ ಹೇಗೆ ಗೊತ್ತಿರಬೇಕು?

ಅರ್ಜಿಯ ವಿಷಯ. ಬಿಲ್ ಮಾಡುವುದಕ್ಕೆ ಹೆಸರು, ಮನೆ ವಿಳಾಸ, ಮೀಟರ್ ಸಂಖ್ಯೆ, ಸಂಪರ್ಕಿಸಲು ಒಂದು ನಂಬರ್ ಅಥವಾ ಇಮೇಲ್ ಬೇಕು. ಗುರುತಿನ ದಾಖಲೆ ಒಂದು ಕೇಳಬಹುದು. ನಿಮ್ಮ ಉದ್ಯೋಗ, ಮನೆಯಲ್ಲಿರುವವರ ಹುಟ್ಟಿದ ದಿನ, ಎರಡನೇ ಫೋನ್ ನಂಬರ್, ಇವೆಲ್ಲಾ ಯಾಕೆ? ನಕ್ಷತ್ರದ ಗುರುತಿಲ್ಲದ ಜಾಗಗಳನ್ನು ಸುಮ್ನೆ ಖಾಲಿ ಬಿಡಿ. ‘ನಮ್ಮ ಸಹಸಂಸ್ಥೆಗಳ ಜೊತೆ ಹಂಚಿಕೊಳ್ಳಲು ಒಪ್ಪಿಗೆ ಇದೆ’ ಅನ್ನುವ ಚೌಕದಲ್ಲಿ ಮೊದಲೇ ಟಿಕ್ ಇದ್ದರೆ ತೆಗೆಯಿರಿ. ಇನ್ನು ಬೇರೆಲ್ಲಾದರೂ ವಿಳಾಸದ ದಾಖಲೆಗಾಗಿ ಬಿಲ್ಲಿನ ಪ್ರತಿ ಕೇಳಿದರೆ, ಜೆರಾಕ್ಸ್ ಮಾಡಿಸುವಾಗ ಗ್ರಾಹಕ ಸಂಖ್ಯೆಯ ಮೇಲೆ ಒಂದು ಕಾಗದದ ಚೂರು ಇಡಿ. ಹೆಚ್ಚಿನವರಿಗೆ ಬೇಕಾದದ್ದು ಹೆಸರು, ವಿಳಾಸ, ತಾರೀಖು. ಸಂಖ್ಯೆ ಬೇಕೇ ಬೇಕು ಅಂದರೆ ಆಗ ತೋರಿಸಿದರಾಯಿತು.